ಸೇವಾ ತಂತ್ರಾಂಶಗಳ ಸ್ವಯಂಚಾಲಿತ ನಿರ್ಮಾಣ ಮತ್ತು ಪರೀಕ್ಷೆ: ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ

ಪಹಣಿ, ಹಕ್ಕು ಬದಲಾವಣೆ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳನ್ನು ಇಂದು ಗಣಕಯಂತ್ರದ ಮೂಲಕವೇ ಒದಗಿಸಲಾಗುತ್ತಿದೆ. ಈ ಸೇವೆಗಳ ಹಿಂದೆ ಕೆಲಸ ಮಾಡುವ ತಂತ್ರಾಂಶವು ಒಮ್ಮೆ ಸಿದ್ಧಪಡಿಸಿ ಇಟ್ಟುಬಿಡುವ ವಸ್ತುವಲ್ಲ. ನಿಯಮ ತಿದ್ದುಪಡಿಯಾದಾಗ, ಹೊಸ ತಾಲ್ಲೂಕು ರಚನೆಯಾದಾಗ, ನಮೂನೆ ಬದಲಾದಾಗ ಅದೂ ಬದಲಾಗುತ್ತದೆ. ಬದಲಾವಣೆಯಲ್ಲಿ ಸಣ್ಣ ದೋಷವೊಂದು ಉಳಿದರೂ ಅದರ ಭಾರ ಬೀಳುವುದು ಅರ್ಜಿದಾರರ ಮೇಲೆ. ಮಲೆ ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿ.ಮೀ. ದೂರವಿದೆ. ಬೆಳೆ ಸಾಲಕ್ಕೆ ಪಹಣಿ ಬೇಕಾದ ರೈತರಾಗಲಿ, ಕಾಲೇಜು ಪ್ರವೇಶದ ಕೊನೆಯ ದಿನಕ್ಕೆ ಜಾತಿ ಪ್ರಮಾಣ ಪತ್ರ ಬೇಕಾದ ವಿದ್ಯಾರ್ಥಿಯಾಗಲಿ "ತಂತ್ರಾಂಶ ಸರಿಯಿಲ್ಲ, ನಾಳೆ ಬನ್ನಿ" ಎಂಬ ಉತ್ತರ ಪಡೆದು ಹಿಂದಿರುಗಿದರೆ ನಷ್ಟವಾಗುವುದು ಒಂದು ದಿನದ ಕೂಲಿ ಮಾತ್ರವಲ್ಲ.

ಇಂತಹ ದೋಷಗಳನ್ನು ತಂತ್ರಾಂಶವು ಕಛೇರಿಯನ್ನು ತಲುಪುವ ಮೊದಲೇ ಹಿಡಿಯಲು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಒಂದು ವಿಧಾನವನ್ನು ಈ ಪುಟದಲ್ಲಿ ವಿವರಿಸಲಾಗಿದೆ. ತಂತ್ರಜ್ಞರು ಇದನ್ನು ಕಂಟಿನ್ಯುಯಸ್ ಇಂಟಿಗ್ರೇಷನ್ ಎನ್ನುತ್ತಾರೆ. ಕನ್ನಡದಲ್ಲಿ ನಿರಂತರ ಸಂಯೋಜನೆ ಎನ್ನಬಹುದು. ಇಲ್ಲಿ ನೀಡಿರುವ ಪರೀಕ್ಷೆಗಳು ವಿಧಾನವನ್ನು ತಿಳಿಸುವ ಉದಾಹರಣೆಗಳು. ಯಾವ ಸೇವೆಗೆ ಯಾವ ಸಾಧನವನ್ನು ಬಳಸಬೇಕೆಂಬುದು ಆಯಾ ತಂತ್ರಾಂಶವನ್ನು ಸಿದ್ಧಪಡಿಸುವ ಸಂಸ್ಥೆಗೆ ಬಿಟ್ಟ ವಿಷಯ.

ಹಿನ್ನೆಲೆ: ಭೂಮಿ ಯೋಜನೆಯ ಅನುಭವ

ರಾಜ್ಯದಲ್ಲಿ ಸಾರ್ವಜನಿಕರಿಗೆ ಗಣಕೀಕರಣದ ಪರಿಚಯವಾದದ್ದು ಬಹುತೇಕ ಭೂಮಿ ಯೋಜನೆಯಿಂದ. ಕಂದಾಯ ಇಲಾಖೆಗಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಈ ತಂತ್ರಾಂಶವನ್ನು ಕನ್ನಡದಲ್ಲಿ ಸಿದ್ಧಪಡಿಸಿತು. 2000ದ ದಶಕದ ಮೊದಲ ವರ್ಷಗಳಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಗಣಕಕ್ಕೆ ಸೇರಿದವು. ರೂ. 15 ಶುಲ್ಕ ಪಾವತಿಸಿ ಕಿಯೋಸ್ಕ್‌ನಲ್ಲಿ ಪಹಣಿ ಪಡೆಯುವ ವ್ಯವಸ್ಥೆ ಆಗ ಜಾರಿಗೆ ಬಂದಿತು. ಕೈಬರಹದ ಪಹಣಿಗಿದ್ದ ಮಾನ್ಯತೆಯನ್ನು ಹಂತಹಂತವಾಗಿ ಕೊನೆಗೊಳಿಸಲಾಯಿತು.

ಈ ದಾಖಲೆಗಳ ಪರಿಶೀಲನೆ ಆಗ ನಡೆದದ್ದು ಕೈಯಿಂದ. ನಮೂದಿಸಿದ ವಿವರಗಳನ್ನು ಮುದ್ರಿಸಿ, ಗ್ರಾಮಲೆಕ್ಕಿಗರು ಮೂಲ ಪುಸ್ತಕದೊಡನೆ ಹೋಲಿಸಿ, ತಪ್ಪುಗಳನ್ನು ಗುರುತಿಸಿ, ತಿದ್ದಿದ ನಂತರ ಮತ್ತೆ ಮುದ್ರಿಸಿ ನೋಡಲಾಗುತ್ತಿತ್ತು. ಅಪಾರ ಶ್ರಮದ ಕೆಲಸವದು. ಅದನ್ನು ಮಾಡಿದ ಗ್ರಾಮಲೆಕ್ಕಿಗರಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲವೆಂದೇ ಹೇಳಬೇಕು. ಮೊದಲ ವರ್ಷಗಳಲ್ಲಿ ಪ್ರತಿ ತಾಲ್ಲೂಕು ಕಛೇರಿಯಲ್ಲಿಯೂ ಪ್ರತ್ಯೇಕ ಸರ್ವರ್ ಇದ್ದುದರಿಂದ ತಂತ್ರಾಂಶದ ಹೊಸ ಆವೃತ್ತಿಯನ್ನು ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಬೇರೆಬೇರೆಯಾಗಿ ಅಳವಡಿಸಬೇಕಿತ್ತು. ಮುಂದೆ ದತ್ತಾಂಶವು ರಾಜ್ಯ ದತ್ತಾಂಶ ಕೇಂದ್ರಕ್ಕೆ ವರ್ಗವಾಯಿತು. ಇದರಿಂದ ಅಳವಡಿಕೆ ಸುಲಭವಾಯಿತಾದರೂ ಅಪಾಯದ ಸ್ವರೂಪ ಬದಲಾಯಿತು. ಹಿಂದೆ ಒಂದು ತಾಲ್ಲೂಕಿನ ಸರ್ವರ್ ಕೆಟ್ಟರೆ ಆ ತಾಲ್ಲೂಕಿಗೆ ಮಾತ್ರ ತೊಂದರೆ. ಕೇಂದ್ರದಲ್ಲಿ ದೋಷಪೂರಿತ ಆವೃತ್ತಿಯೊಂದು ಅಳವಡಿಕೆಯಾದರೆ ಇಡೀ ರಾಜ್ಯದ ಸೇವೆ ನಿಲ್ಲಬಹುದು. ಆದ್ದರಿಂದಲೇ ಅಳವಡಿಕೆಗೆ ಮುಂಚಿನ ಪರೀಕ್ಷೆಯ ಮಹತ್ವ ಹೆಚ್ಚಿದೆ.

ನಿರ್ಮಾಣ ಎಂದರೇನು?

ತಂತ್ರಾಂಶವನ್ನು ಬರೆಯುವವರು ಮನುಷ್ಯರು ಓದಬಲ್ಲ ಭಾಷೆಯಲ್ಲಿ ಆದೇಶಗಳನ್ನು ಬರೆಯುತ್ತಾರೆ. ಇದಕ್ಕೆ ಮೂಲಸಂಕೇತವೆಂದು ಹೆಸರು. ಇಂತಹ ನೂರಾರು ಕಡತಗಳನ್ನು ಒಟ್ಟುಗೂಡಿಸಿ, ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಪರಿವರ್ತಿಸಿ, ಅಗತ್ಯವಾದ ಇತರ ಭಾಗಗಳನ್ನು ಜೋಡಿಸಿ, ಅಳವಡಿಸಲು ಯೋಗ್ಯವಾದ ಒಂದು ಕಟ್ಟನ್ನು ತಯಾರಿಸುವುದಕ್ಕೆ ನಿರ್ಮಾಣ ಅಥವಾ ಬಿಲ್ಡ್ ಎನ್ನುತ್ತಾರೆ. ಕೈಯಿಂದ ಮಾಡಿದಾಗ ಒಂದು ಕಡತ ಬಿಟ್ಟುಹೋಗುವುದು, ಹಳೆಯ ಕಡತ ಸೇರಿಕೊಳ್ಳುವುದು ಸಾಮಾನ್ಯ. "ನನ್ನ ಗಣಕದಲ್ಲಿ ಸರಿಯಾಗಿತ್ತು" ಎಂಬ ಮಾತು ಈ ಕ್ಷೇತ್ರದಲ್ಲಿ ಬಹಳ ಹಳೆಯದು.

ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಪ್ರಯತ್ನವೂ ಹಳೆಯದೇ. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು ಮೇಕ್ ಎಂಬ ಸಾಧನವನ್ನು ರಚಿಸಿದರು. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂದು ಬರೆದಿಟ್ಟರೆ, ಬದಲಾದ ಭಾಗವನ್ನು ಮಾತ್ರ ಅದು ಮರುನಿರ್ಮಿಸುತ್ತದೆ. ದಶಕಗಳೇ ಕಳೆದರೂ ಅದು ಇಂದಿಗೂ ಬಳಕೆಯಲ್ಲಿದೆ.

ನಿರಂತರ ಸಂಯೋಜನೆಯ ವಿಧಾನ

ಒಂದು ತಂತ್ರಾಂಶವನ್ನು ಅನೇಕರು ಏಕಕಾಲದಲ್ಲಿ ತಿದ್ದುತ್ತಿರುತ್ತಾರೆ. ಒಬ್ಬರು ಶುಲ್ಕ ಲೆಕ್ಕಹಾಕುವ ಭಾಗವನ್ನು, ಇನ್ನೊಬ್ಬರು ಮುದ್ರಣದ ಭಾಗವನ್ನು ಬದಲಿಸುತ್ತಾರೆ. ತಿಂಗಳುಗಟ್ಟಲೆ ಪ್ರತ್ಯೇಕವಾಗಿ ಕೆಲಸ ಮಾಡಿ ಕೊನೆಗೆ ಒಮ್ಮೆ ಕೂಡಿಸಲು ಹೊರಟರೆ ಯಾವ ತಿದ್ದುಪಡಿಯಿಂದ ಯಾವುದು ಕೆಟ್ಟಿತೆಂದು ಪತ್ತೆಹಚ್ಚುವುದೇ ದುಸ್ತರ. ಪ್ರತಿದಿನವೂ ಕೂಡಿಸಿ, ಕೂಡಿಸಿದ ಪ್ರತಿ ಬಾರಿಯೂ ಪರೀಕ್ಷಿಸಿದರೆ ದೋಷವು ಅಂದಿನ ತಿದ್ದುಪಡಿಯಲ್ಲಿಯೇ ಸಿಗುತ್ತದೆ. ವರ್ಷಕ್ಕೊಮ್ಮೆ ಲೆಕ್ಕ ನೋಡುವ ಅಂಗಡಿಗೂ ಪ್ರತಿ ಸಂಜೆ ಗಲ್ಲಾ ಎಣಿಸುವ ಅಂಗಡಿಗೂ ಇರುವ ವ್ಯತ್ಯಾಸದಂತೆಯೇ ಇದು.

ಕಂಟಿನ್ಯುಯಸ್ ಇಂಟಿಗ್ರೇಷನ್ ಎಂಬ ಹೆಸರನ್ನು 1991ರಲ್ಲಿ ಗ್ರೇಡಿ ಬೂಚ್ ಅವರು ಬಳಸಿದರು. 1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಅವರು ಇದನ್ನು ದಿನದಲ್ಲಿ ಹಲವು ಬಾರಿ ಮಾಡುವ ನಿತ್ಯದ ಶಿಸ್ತನ್ನಾಗಿಸಿದರು. 2000ದಲ್ಲಿ ಪ್ರಕಟವಾಗಿ 2006ರಲ್ಲಿ ಪರಿಷ್ಕೃತವಾದ ಮಾರ್ಟಿನ್ ಫೌಲರ್ ಅವರ ಲೇಖನದಿಂದ ವಿಧಾನವು ವ್ಯಾಪಕವಾಗಿ ಪರಿಚಿತವಾಯಿತು. ಇದಕ್ಕೆಂದೇ ರೂಪುಗೊಂಡ ಸಾಧನಗಳಲ್ಲಿ 2001ರ ಕ್ರೂಸ್ ಕಂಟ್ರೋಲ್ ಮೊದಲಿನವುಗಳಲ್ಲೊಂದು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದ ಕೊಹ್‌ಸುಕೆ ಕವಾಗುಚಿ ಅವರ ಹಡ್ಸನ್ 2005ರಲ್ಲಿ ಹೊರಬಂದು, 2011ರಲ್ಲಿ ಜೆಂಕಿನ್ಸ್ ಎಂಬ ಹೆಸರು ಪಡೆಯಿತು. ಅದು ಮುಕ್ತ ತಂತ್ರಾಂಶ. ಪರವಾನಗಿ ಶುಲ್ಕವಿಲ್ಲ. ಗಿಟ್‌ಲ್ಯಾಬ್, ಗಿಟ್‌ಹಬ್ ಮುಂತಾದವುಗಳಲ್ಲಿಯೂ ಈಗ ಇದೇ ಸೌಲಭ್ಯವಿದೆ.

ಸ್ಕ್ರಿಪ್ಟ್ ಮಾಡುವ ಕೆಲಸ

ಸ್ಕ್ರಿಪ್ಟ್ ಎಂಬುದು ಯಂತ್ರವು ಅನುಕ್ರಮವಾಗಿ ನೆರವೇರಿಸಬೇಕಾದ ಆದೇಶಗಳ ಪಟ್ಟಿ. ತಂತ್ರಜ್ಞರೊಬ್ಬರು ತಮ್ಮ ತಿದ್ದುಪಡಿಯನ್ನು ಕೇಂದ್ರ ಭಂಡಾರಕ್ಕೆ ಸಲ್ಲಿಸಿದ ಕೂಡಲೇ ಪ್ರತ್ಯೇಕವಾದ ಯಂತ್ರವೊಂದು ಎಚ್ಚರಗೊಂಡು, ಖಾಲಿ ಜಾಗದಲ್ಲಿ ಮೂಲಸಂಕೇತದ ಹೊಸ ಪ್ರತಿಯನ್ನು ಇಳಿಸಿಕೊಳ್ಳುತ್ತದೆ. ಜಾಗ ಖಾಲಿಯಿರಬೇಕೆಂಬುದು ಮುಖ್ಯ. ಹಿಂದಿನ ನಿರ್ಮಾಣದ ಉಳಿಕೆಗಳಿದ್ದರೆ ಫಲಿತಾಂಶವನ್ನು ನಂಬಲಾಗದು. ಅನಂತರ ನಿರ್ಮಾಣ, ಆಮೇಲೆ ಒಂದೊಂದಾಗಿ ಪರೀಕ್ಷೆಗಳು. ಪ್ರತಿ ಆದೇಶವೂ ಮುಗಿದಾಗ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. 0 ಎಂದರೆ ಸರಿ, ಬೇರೆ ಯಾವುದೇ ಸಂಖ್ಯೆಯಾದರೂ ದೋಷ. ದೋಷ ಕಂಡಲ್ಲಿಯೇ ಕೆಲಸ ನಿಂತು, ತಿದ್ದುಪಡಿ ಸಲ್ಲಿಸಿದವರಿಗೆ ಸೂಚನೆ ಹೋಗುತ್ತದೆ. ದೋಷವಿರುವ ಆವೃತ್ತಿ ಮುಂದಿನ ಹಂತಕ್ಕೆ ಹೋಗುವುದಿಲ್ಲ.

ದೋಷ ಕಂಡರೂ ಲೆಕ್ಕಿಸದೆ ಮುಂದುವರಿಯುವಂತೆ ಸ್ಕ್ರಿಪ್ಟ್ ಬರೆಯಲೂ ಸಾಧ್ಯವಿದೆ. ಅವಸರದಲ್ಲಿ ಹಾಗೆ ಮಾಡುವುದೂ ಉಂಟು. ಅಂತಹ ಪರೀಕ್ಷೆ ಇದ್ದೂ ಇಲ್ಲದಂತೆ.

ಕಂದಾಯ ದಾಖಲೆಗಳಿಗೆ ಸಂಬಂಧಿಸಿದ ಪರೀಕ್ಷೆಗಳು

ಯಾವುದನ್ನು ಪರೀಕ್ಷಿಸಬೇಕೆಂಬುದನ್ನು ಯಂತ್ರ ತಾನಾಗಿ ತಿಳಿಯಲಾರದು. ಸ್ಥಳದ ಸ್ಥಿತಿಗತಿಯನ್ನು ಬಲ್ಲವರು ಅದನ್ನು ಹೇಳಬೇಕು. ಈ ದೃಷ್ಟಿಯಿಂದ ಮೂರು ತಾಲ್ಲೂಕುಗಳ ಹಿನ್ನೆಲೆ ಗಮನಾರ್ಹವಾಗಿದೆ. ಹನೂರು ಭಾಗವನ್ನು ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಪ್ರದೇಶವದು. ಎರಡು ಆಡಳಿತಗಳ ಕಂದಾಯ ಪದ್ಧತಿಗಳು ಬೇರೆ, ಅಳತೆಗಳೂ ಬೇರೆ. ಮದ್ರಾಸ್ ಪದ್ಧತಿಯಲ್ಲಿ ಎಕರೆಗೆ 100 ಸೆಂಟ್ಸ್. ಮೈಸೂರು ಪದ್ಧತಿಯಲ್ಲಿ ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಅಂದರೆ ಒಂದು ಗುಂಟೆ ಎರಡೂವರೆ ಸೆಂಟ್ಸಿಗೆ ಸಮ. ಹಳೆಯ ಪತ್ರವನ್ನು ಹಿಡಿದು ಬರುವ ಅರ್ಜಿದಾರರ 50 ಸೆಂಟ್ಸ್ ಪಹಣಿಯ 20 ಗುಂಟೆಯೇ ಆಗಬೇಕು, 50 ಗುಂಟೆಯಾಗಬಾರದು. ಗುಂಟೆಯ ಅಂಕಣದಲ್ಲಿ 40 ಅಥವಾ ಅದಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ತಂತ್ರಾಂಶ ಸ್ವೀಕರಿಸಿದರೆ ಪರೀಕ್ಷೆ ವಿಫಲವೆಂದು ಘೋಷಿಸಬೇಕು.

ಕೂಡಿಸುವ ಲೆಕ್ಕವೂ ಹೀಗೆಯೇ. 1 ಎಕರೆ 39 ಗುಂಟೆಗೆ 1 ಗುಂಟೆ ಸೇರಿದರೆ 2 ಎಕರೆ ಎಂದು ಬರಬೇಕು. ದಶಮಾಂಶ ಪದ್ಧತಿಗೆ ಒಗ್ಗಿದ ತಂತ್ರಜ್ಞರು 1.39 ಎಂದು ಬರೆದುಕೊಂಡು 0.01 ಕೂಡಿಸಿದರೆ 1.40 ಬರುತ್ತದೆ. ನೋಡಲು ಸರಿಯಾಗಿಯೇ ಕಾಣುತ್ತದೆ. ಇಂತಹ ಅಂಚಿನ ಪ್ರಕರಣಗಳನ್ನೇ ಪರೀಕ್ಷೆಗೆ ಆರಿಸಿಕೊಳ್ಳಬೇಕು. 10 ಗುಂಟೆಗೆ 5 ಗುಂಟೆ ಕೂಡಿಸಿ ನೋಡುವ ಪರೀಕ್ಷೆಯಿಂದ ಹೆಚ್ಚಿನದೇನೂ ತಿಳಿಯದು.

ವಿಭಾಗದ ಪ್ರಕರಣ ಇನ್ನೂ ಸೂಕ್ಷ್ಮವಾದದ್ದು. ಒಂದು ಎಕರೆ ಜಮೀನನ್ನು ಮೂವರು ಮಕ್ಕಳು ಸಮನಾಗಿ ಹಂಚಿಕೊಳ್ಳುತ್ತಾರೆಂದು ಭಾವಿಸೋಣ. ಒಂದು ಎಕರೆಗೆ 640 ಆಣೆ. ಮೂರರಿಂದ ಭಾಗಿಸಿದರೆ ತಲಾ 213 ಆಣೆ, ಅಂದರೆ 13 ಗುಂಟೆ 5 ಆಣೆ. ಮೂರೂ ಪಾಲು ಸೇರಿದರೆ 639 ಆಣೆ. ಒಂದು ಆಣೆ ಉಳಿಯುತ್ತದೆ. ಆ ಒಂದು ಆಣೆ ಸುಮಾರು 68 ಚದರ ಅಡಿ. ತಂತ್ರಾಂಶವು ಅದನ್ನು ಸುಮ್ಮನೆ ಬಿಟ್ಟುಬಿಟ್ಟರೆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣಕ್ಕೂ ಪಾಲುಗಳ ಮೊತ್ತಕ್ಕೂ ತಾಳೆಯಾಗದೆ, ಮುಂದಿನ ಹಕ್ಕು ಬದಲಾವಣೆಯ ಅರ್ಜಿ ಕಾರಣ ತಿಳಿಯದಂತೆ ತಡೆಹಿಡಿಯಲ್ಪಡಬಹುದು. ಉಳಿದ ಆಣೆ ಯಾರಿಗೆ ಸೇರಬೇಕೆಂಬುದು ಹಕ್ಕುದಾರರು ಮತ್ತು ಅಧಿಕಾರಿಗಳು ತೀರ್ಮಾನಿಸಬೇಕಾದ ವಿಷಯ. ಆದರೆ ಪಾಲುಗಳ ಮೊತ್ತವು ಮೂಲ ವಿಸ್ತೀರ್ಣಕ್ಕೆ ಸಮನಾಗಿರಬೇಕು ಎಂಬುದು ಪ್ರತಿ ನಿರ್ಮಾಣದಲ್ಲಿಯೂ ಯಂತ್ರ ನೋಡಲೇಬೇಕಾದ ಪರೀಕ್ಷೆ. ಜಗಳಗಳು ಹುಟ್ಟುವುದು ಹೆಚ್ಚಾಗಿ ಇಂತಹ ತುಂಡುಗಳಿಂದಲೇ ಎಂಬುದನ್ನು ಗ್ರಾಮಗಳಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಕನ್ನಡ ಅಕ್ಷರಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ ಮುಂತಾದ ತಂತ್ರಾಂಶಗಳ ಅಕ್ಷರಸಂಕೇತದಲ್ಲಿ ಅಪಾರ ಮಾಹಿತಿ ಸಿದ್ಧವಾಗಿತ್ತು. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಪರಿವರ್ತಿಸುವಾಗ ಸ್ಥಾನವನ್ನು ಬದಲಿಸದಿದ್ದರೆ "ಕರ್ನಾಟಕ" ಎಂಬುದು "ಕನಾರ್ಟಕ" ಆಗುತ್ತದೆ. ಇದನ್ನು ಅನೇಕ ಜಾಲತಾಣಗಳಲ್ಲಿ ಸಾರ್ವಜನಿಕರೇ ನೋಡಿರಬಹುದು. ಹನೂರು ತಾಲ್ಲೂಕಿನ ಮಾರ್ಟಳ್ಳಿಯೂ ಹೀಗೆಯೇ "ಮಾಟರ್ಳ್ಳಿ" ಎಂದಾದರೆ ಆ ಊರಿನವರ ಪ್ರಮಾಣ ಪತ್ರವನ್ನು ಬೇರೆ ಕಛೇರಿಯವರು ಒಪ್ಪುವುದು ಕಷ್ಟ. ಮಾರ್ಟಳ್ಳಿ, ಸೂರ್ಯ, ಧರ್ಮ ಮುಂತಾದ ಪದಗಳ ಪಟ್ಟಿಯನ್ನು ಸ್ಕ್ರಿಪ್ಟಿನೊಡನೆ ಇಟ್ಟು, ಪ್ರತಿ ನಿರ್ಮಾಣದಲ್ಲಿ ಪರಿವರ್ತಿಸಿ, ಬಂದ ಫಲವನ್ನು ಸರಿಯಾದ ರೂಪದೊಡನೆ ಹೋಲಿಸಿದರೆ ದೋಷ ಕ್ಷಣಾರ್ಧದಲ್ಲಿ ತಿಳಿಯುತ್ತದೆ. ಕೊಳ್ಳೇಗಾಲ, ಕೊಳ್ಳೆಗಾಲ ಎಂಬ ಎರಡೂ ಬರವಣಿಗೆಗಳು ರೂಢಿಯಲ್ಲಿರುವುದರಿಂದ ಊರನ್ನು ಹೆಸರಿನ ಬದಲು ಸಂಕೇತ ಸಂಖ್ಯೆಯಿಂದ ಗುರುತಿಸುವುದು ಕ್ಷೇಮ.

ವ್ಯಕ್ತಿಗಳ ಹೆಸರಿನಲ್ಲಿ ಈ ಅನುಕೂಲವಿಲ್ಲ. ಮಲೆ ಮಹದೇಶ್ವರರ ಸೀಮೆಯಾದ ಇಲ್ಲಿ ಮಹದೇವ, ಮಾದೇವ, ಮಾದಪ್ಪ, ಮಾದೇಶ, ಮಹದೇವಸ್ವಾಮಿ, ಮಹದೇವಮ್ಮ ಎಂಬ ಹೆಸರುಗಳು ಊರೂರಿನಲ್ಲಿಯೂ ಇವೆ. ತಂದೆಯ ಹೆಸರೂ ಒಂದೇ ಆಗಿರುವವರು ಅಪರೂಪವಲ್ಲ. ಆದ್ದರಿಂದ ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ ಇಬ್ಬರನ್ನು ಮಾದರಿ ದತ್ತಾಂಶದಲ್ಲಿ ಸೇರಿಸಿ, ಒಬ್ಬರ ಅರ್ಜಿಯಿಂದ ಇನ್ನೊಬ್ಬರ ದಾಖಲೆ ಬದಲಾಗುವುದಿಲ್ಲವೆಂದು ಪರೀಕ್ಷಿಸುವುದು ಅವಶ್ಯ. ಪರೀಕ್ಷೆಗೆ ಬಳಸುವ ಹೆಸರು, ವಿಳಾಸಗಳು ಕಲ್ಪಿತವಾಗಿರಬೇಕು. ನಾಗರಿಕರ ನೈಜ ದಾಖಲೆಗಳನ್ನು ಪರೀಕ್ಷಾ ಯಂತ್ರಕ್ಕೆ ನಕಲು ಮಾಡುವುದು ಸರಿಯಾದ ಕ್ರಮವಲ್ಲ.

ಹನೂರು 2017-18ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ಅದುವರೆಗೆ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ ಹನೂರು, ರಾಮಾಪುರ, ಲೊಕ್ಕನಹಳ್ಳಿ ಭಾಗದ ಗ್ರಾಮಗಳು ಹೊಸ ತಾಲ್ಲೂಕಿಗೆ ಸೇರಿದವು. ಇಂತಹ ಸಂದರ್ಭದಲ್ಲಿ ತಂತ್ರಾಂಶದಲ್ಲಿ ಪರಿಶೀಲಿಸಬೇಕಾದುದು ಸರಳವಾಗಿ ಕಂಡರೂ ಮಹತ್ವದ್ದು: ವಿಭಜನೆಗೆ ಮುಂಚಿನ ಗ್ರಾಮಗಳ ಸಂಖ್ಯೆ ಎರಡೂ ತಾಲ್ಲೂಕುಗಳ ಈಗಿನ ಮೊತ್ತಕ್ಕೆ ಸಮನಾಗಿದೆಯೇ? ಯಾವುದೇ ಗ್ರಾಮ ಎರಡೂ ಕಡೆ ಕಾಣಿಸುತ್ತಿದೆಯೇ? ಎರಡರಲ್ಲಿಯೂ ಇಲ್ಲದೆ ಹೋಗಿದೆಯೇ? ವಿಭಜನೆಗೆ ಮುನ್ನ ಸಲ್ಲಿಸಿ ಇನ್ನೂ ವಿಲೇವಾರಿಯಾಗದ ಅರ್ಜಿಗಳು ಸರಿಯಾದ ಕಛೇರಿಗೆ ವರ್ಗವಾಗಿವೆಯೇ? ಕೊನೆಯದೇ ಹೆಚ್ಚು ಕಷ್ಟದ್ದು. ಎರಡು ಕಛೇರಿಗಳ ನಡುವೆ ಸಿಲುಕಿದ ಅರ್ಜಿಯ ಬಗ್ಗೆ ಎರಡೂ ಕಡೆ "ನಮ್ಮಲ್ಲಿಲ್ಲ" ಎಂಬ ಉತ್ತರ ಬರುತ್ತದೆ, ಮತ್ತು ಆ ಉತ್ತರ ಎರಡೂ ಕಡೆ ನಿಜವೇ ಆಗಿರುತ್ತದೆ. ನಾಳೆ ಮತ್ತೊಂದು ತಾಲ್ಲೂಕು ರಚನೆಯಾದರೂ ಇದೇ ಪರೀಕ್ಷೆಗಳನ್ನು ಬಳಸಬಹುದು. ಒಮ್ಮೆ ಬರೆದ ಪರೀಕ್ಷೆ ಮುಂದಿನ ಪ್ರತಿ ಆವೃತ್ತಿಯನ್ನೂ ಕಾಯುತ್ತದೆ.

ದುರ್ಬಲ ಸಂಪರ್ಕವಿರುವ ಪ್ರದೇಶಗಳು

ಹನೂರು ತಾಲ್ಲೂಕಿನ ಬೆಟ್ಟದ ಗ್ರಾಮಗಳಲ್ಲಿಯೂ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಅರಣ್ಯ ಪ್ರದೇಶವಿರುವುದರಿಂದ ಅಂತರ್ಜಾಲ ಸಂಪರ್ಕ ಮಧ್ಯೆ ಕಡಿತವಾಗುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಶುಲ್ಕ ಪಾವತಿಯಾದ ನಂತರ, ಸ್ವೀಕೃತಿ ಬರುವ ಮುನ್ನ ಸಂಪರ್ಕ ಕಡಿತವಾದರೆ ಏನಾಗಬೇಕು? ಅರ್ಜಿದಾರರು ಮತ್ತೆ ಪ್ರಯತ್ನಿಸಿದಾಗ ಎರಡನೆಯ ಬಾರಿ ಹಣ ಕಡಿತವಾಗಬಾರದು, ಎರಡು ಅರ್ಜಿಗಳೂ ಸೃಷ್ಟಿಯಾಗಬಾರದು. ಸಂಪರ್ಕವನ್ನು ಬೇಕೆಂದೇ ಕಡಿದು ಈ ಪ್ರಸಂಗವನ್ನು ಸ್ಕ್ರಿಪ್ಟಿನಲ್ಲಿ ಮರುಸೃಷ್ಟಿಸಲು ಸಾಧ್ಯ. ನಗರದ ಕಛೇರಿಯಲ್ಲಿ ಕುಳಿತು ವೇಗದ ಸಂಪರ್ಕದಲ್ಲಿ ಮಾತ್ರ ಪರೀಕ್ಷಿಸಿದ ತಂತ್ರಾಂಶವನ್ನು ಬೆಟ್ಟದ ಮೇಲಿನವರಿಗೆ ಪರೀಕ್ಷಿತವೆಂದು ಹೇಳಲಾಗದು.

ಸ್ವಯಂಚಾಲಿತ ಪರೀಕ್ಷೆಯ ಮಿತಿ

ಈ ಪರೀಕ್ಷೆಗಳು ತಂತ್ರಾಂಶವನ್ನು ನೋಡುತ್ತವೆ, ತಮ್ಮ ದಾಖಲೆಯಲ್ಲಿ ಬರೆದಿರುವುದು ನಿಜವೇ ಎಂದು ನೋಡುವುದಿಲ್ಲ. ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿ ನಮೂದಾಗಿದ್ದರೆ ತಂತ್ರಾಂಶವು ಆ ತಪ್ಪು ಹೆಸರನ್ನೇ ಚೊಕ್ಕವಾಗಿ ಮುದ್ರಿಸಿಕೊಡುತ್ತದೆ. ಇದಕ್ಕೆ ಅಗತ್ಯ ದಾಖಲೆಗಳೊಡನೆ ಸಂಬಂಧಿಸಿದ ತಾಲ್ಲೂಕಿನ ತಹಶೀಲ್ದಾರ್ ಕಛೇರಿಗೆ ತಿದ್ದುಪಡಿಗಾಗಿ ಅರ್ಜಿ ಸಲ್ಲಿಸುವುದೊಂದೇ ಮಾರ್ಗ. ಹೊಸ ಆವೃತ್ತಿ ಬಂದರೆ ತಾನಾಗಿ ಸರಿಹೋಗುತ್ತದೆಂದು ಕಾಯುವುದರಿಂದ ಪ್ರಯೋಜನವಿಲ್ಲ.

ಭದ್ರತೆಯ ಪರಿಶೋಧನೆಯೂ ಪ್ರತ್ಯೇಕವಾದದ್ದು. ಸರ್ಕಾರಿ ಜಾಲತಾಣ ಮತ್ತು ತಂತ್ರಾಂಶಗಳ ಭದ್ರತಾ ಪರಿಶೋಧನೆಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಯು ಪರಿಶೋಧಕರ ಪಟ್ಟಿಯನ್ನು ನಿಗದಿಪಡಿಸಿದೆ. ಗುಣಮಟ್ಟದ ಪರೀಕ್ಷೆಗೆ ಎಸ್.ಟಿ.ಕ್ಯೂ.ಸಿ. ನಿರ್ದೇಶನಾಲಯವಿದೆ. ಸರ್ಕಾರಿ ತಂತ್ರಾಂಶಗಳ ಮೂಲಸಂಕೇತವನ್ನು ಇಲಾಖೆಗಳು ಪರಸ್ಪರ ಹಂಚಿಕೊಳ್ಳಲು ಕೇಂದ್ರ ಸರ್ಕಾರವು 2015ರಲ್ಲಿ ನೀತಿಯನ್ನು ರೂಪಿಸಿ, ಓಪನ್ ಫೋರ್ಜ್ ಎಂಬ ವೇದಿಕೆಯನ್ನು ಆರಂಭಿಸಿದೆ. ಒಂದು ಇಲಾಖೆ ಬರೆದ ಪರೀಕ್ಷೆ ಇನ್ನೊಂದಕ್ಕೆ ಉಪಯೋಗವಾಗಲು ಇದೊಂದು ದಾರಿ.

ಅರ್ಜಿದಾರರ ಗಮನಕ್ಕೆ

ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿಯನ್ನು ಪಡೆದು ಅದರಲ್ಲಿನ ಹೆಸರು, ಗ್ರಾಮ, ತಾಲ್ಲೂಕು, ಸರ್ವೆ ನಂಬರ್ ಮತ್ತು ವಿಸ್ತೀರ್ಣವನ್ನು ಅಲ್ಲಿಯೇ ಓದಿ ನೋಡತಕ್ಕದ್ದು. ಓದಲು ಬಾರದವರು ನಿರ್ವಾಹಕರಿಂದ ಓದಿಸಿ ಕೇಳಬಹುದು. ಹನೂರು ತಾಲ್ಲೂಕಿನವರು ತಾಲ್ಲೂಕಿನ ಹೆಸರು ಕೊಳ್ಳೇಗಾಲವೆಂದು ಬಂದಿಲ್ಲವೇ ಎಂಬುದನ್ನು ವಿಶೇಷವಾಗಿ ಗಮನಿಸುವುದು. ಹಳೆಯ ಪತ್ರದಲ್ಲಿ ವಿಸ್ತೀರ್ಣ ಸೆಂಟ್ಸ್‌ನಲ್ಲಿದ್ದರೆ ಮೇಲೆ ತಿಳಿಸಿದ ಲೆಕ್ಕದಂತೆ ಗುಂಟೆಗೆ ಪರಿವರ್ತಿಸಿ ತಾಳೆ ನೋಡಿಕೊಳ್ಳುವುದು.

2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ಸಕಾಲ ಯೋಜನೆಯ ವ್ಯಾಪ್ತಿಗೆ ಬರುವ ಸೇವೆಗಳಿಗೆ ಜಿ.ಎಸ್.ಸಿ. ಸಂಖ್ಯೆ ನೀಡಲಾಗುತ್ತದೆ. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಈ ಸಂಖ್ಯೆಯನ್ನು ನಮೂದಿಸಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬವಾದ ಪ್ರತಿ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಪಡೆಯಲು ಅಧಿನಿಯಮದಲ್ಲಿ ಅವಕಾಶವಿದೆ. ಈ ಹಕ್ಕು ಸ್ವೀಕೃತಿ ಇಲ್ಲದೆ ಚಲಾಯಿಸಲು ಬರುವುದಿಲ್ಲ. ಆದುದರಿಂದ ತಂತ್ರಾಂಶ ಕೆಲಸ ಮಾಡುತ್ತಿಲ್ಲವೆಂದು ತಿಳಿಸಿದಾಗ ಅರ್ಜಿಯನ್ನು ಬರಿದೇ ಕೊಟ್ಟು ಹಿಂದಿರುಗದೆ, ಅರ್ಜಿ ತಲುಪಿದ ಬಗ್ಗೆ ದಿನಾಂಕ ಸಹಿತ ಲಿಖಿತ ಸ್ವೀಕೃತಿಯನ್ನು ಕೇಳುವುದು.

ತಂತ್ರಾಂಶದ ದೋಷವನ್ನು ತಿಳಿಸುವಾಗ "ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದರೆ ದೋಷವನ್ನು ಪತ್ತೆಹಚ್ಚಲು ಆಗುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ಸೇವೆಗೆ, ಯಾವ ಪುಟದಲ್ಲಿ, ಏನನ್ನು ನಮೂದಿಸಿದಾಗ, ಪರದೆಯ ಮೇಲೆ ಯಾವ ಸಂದೇಶ ಬಂದಿತು ಎಂಬುದನ್ನು ಇದ್ದಂತೆಯೇ ಬರೆದು, ಅರ್ಜಿ ಸಂಖ್ಯೆಯೊಡನೆ ನಾಡಕಛೇರಿ ಅಥವಾ ತಾಲ್ಲೂಕು ಕಛೇರಿಗೆ ನೀಡುವುದು. ಹೀಗೆ ಸ್ಪಷ್ಟವಾಗಿ ವರದಿಯಾದ ದೋಷವನ್ನು ಅದೇ ರೂಪದಲ್ಲಿ ಹೊಸ ಪರೀಕ್ಷೆಯಾಗಿ ಸ್ಕ್ರಿಪ್ಟಿಗೆ ಸೇರಿಸಬಹುದು. ಮೊದಲು ಆ ಪರೀಕ್ಷೆ ವಿಫಲವಾಗುವುದನ್ನು ಕಂಡು, ಅನಂತರ ದೋಷವನ್ನು ಸರಿಪಡಿಸಿ, ಪರೀಕ್ಷೆ ಸಫಲವಾದ ಮೇಲೆಯೇ ಬಿಡುಗಡೆ ಮಾಡುವುದು ಈ ವಿಧಾನದ ಕ್ರಮ. ದೂರಿನೊಡನೆ ಆಧಾರ್ ಪ್ರತಿ ಲಗತ್ತಿಸುವ ಅಗತ್ಯವಿಲ್ಲ. ಮೊಬೈಲಿಗೆ ಬರುವ ಒಂದು ಬಾರಿಯ ಗುಪ್ತಸಂಖ್ಯೆಯನ್ನು ದೋಷ ಸರಿಪಡಿಸುವುದಾಗಿ ಹೇಳಿ ಯಾರೇ ಕೇಳಿದರೂ ನೀಡತಕ್ಕದ್ದಲ್ಲ.